ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಕೂಟಗಳಲ್ಲಿ ಶ್ರೇಷ್ಠ ಆಟಗಾರರ ಗೌರವ

ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಕೂಟಗಳಲ್ಲಿ ಎರಡು ಬಗೆಯ ಗೌರವ ಸಲ್ಲುತ್ತದೆ. ಪದಕ ತಂಡದ್ದು. ಹನ್ನೆರಡು ಮಂದಿಯೂ ಅದನ್ನು ಸರಿಸಮಾನವಾಗಿ ಕೊರಳಿಗೆ ಹಾಕಿಕೊಳ್ಳುತ್ತಾರೆ, ಫೈನಲ್‌ನಲ್ಲಿ ಒಂದು ನಿಮಿಷವೂ ಅಂಗಣಕ್ಕೆ ಇಳಿಯದವರು ಕೂಡ. ಇನ್ನೊಂದು ಗೌರವ ವ್ಯಕ್ತಿಗೆ ಸಲ್ಲುವಂಥದು. ಕೂಟದ ಅತ್ಯಮೂಲ್ಯ ಆಟಗಾರ ಅಥವಾ ಆಟಗಾರ್ತಿ ಎಂಬ ಬಿರುದು, ಅಂದರೆ ಎಲ್ಲರ ಬಾಯಲ್ಲಿರುವ ಎಂವಿಪಿ. ಎಲ್ಲ ತಂಡಗಳಿಂದ ಐವರನ್ನು ಹೆಕ್ಕಿ ಹೆಸರಿಸುವ ಆಲ್ ಸ್ಟಾರ್ ಫೈವ್. ಈಚಿನ ವರ್ಷಗಳಲ್ಲಿ ಶ್ರೇಷ್ಠ ರಕ್ಷಣಾ ಆಟಗಾರ, ಉದಯೋನ್ಮುಖ ತಾರೆ, ಶ್ರೇಷ್ಠ ಕೋಚ್ ಎಂಬ ಪ್ರಶಸ್ತಿಗಳು ಇದರಲ್ಲಿ ಸೇರುತ್ತವೆ. ಈ ಲೇಖನ ಎರಡನೆಯ ಬಗೆಯ ಗೌರವವನ್ನು ಕುರಿತದ್ದು. ವ್ಯಕ್ತಿಗೆ ಕೊಡುವ ಗೌರವಕ್ಕೆ ಬೆಲೆ ಬರುವುದು ಪದಕ ದಾಖಲಿಸಲಾರದ ಸಂಗತಿಯನ್ನು ಅದು ದಾಖಲಿಸಿದಾಗ ಮಾತ್ರ. ಗೆದ್ದ ತಂಡದ ಮುಖ್ಯ ಆಟಗಾರನಿಗೇ ಇನ್ನೊಂದು ಟ್ರೋಫಿ ಒಪ್ಪಿಸುವುದು ವಾಡಿಕೆಯಾದರೆ ಆ ಟ್ರೋಫಿ ಚಿನ್ನದ ಪದಕದ ನಕಲಾಗುತ್ತದೆ. ಕಳೆದ ಎಪ್ಪತ್ತು ವರ್ಷಗಳ ದಾಖಲೆಯನ್ನು ಓದಿದರೆ ವಿಶ್ವಮಟ್ಟದಲ್ಲಿ ಈ ಗೌರವ ಅಂಥ ನಕಲಿನತ್ತ ಸರಿದಿರುವುದೂ ಏಷ್ಯಾದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ ನಡೆದ ಒಂದು ಕೂಟದಲ್ಲಿ, ಅದು ತನ್ನ ಸ್ವಂತ ಮಾತನ್ನು ಉಳಿಸಿಕೊಂಡಿರುವುದೂ ಕಾಣುತ್ತದೆ.

ದಕ್ಷಿಣ ಭಾರತದ ಕನ್ನಡ ಓದುಗರಿಗೆ ಇದು ದೂರದ ದೇಶಗಳ ಸುದ್ದಿಯಲ್ಲ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಯ ಮಕ್ಕಳಿಗೆ ಇವತ್ತಿಗೂ ಹತ್ತಿರದ ಮಹಾನಗರ ಹೈದರಾಬಾದೇ ಹೊರತು ಬೆಂಗಳೂರಲ್ಲ. ಹೈದರಾಬಾದ್ ದೊಡ್ಡ ಕ್ರೀಡಾಕೂಟಗಳನ್ನು ಕಂಡ ಊರು. 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಗಚ್ಚಿಬೌಲಿಯಲ್ಲೂ ಯೂಸುಫ್‌ಗುಡದಲ್ಲೂ ಕ್ರೀಡಾಂಗಣಗಳು ಸಜ್ಜಾದವು. ಮರುವರ್ಷ ಅದೇ ಊರಿನಲ್ಲಿ ಆಫ್ರೋ-ಏಷ್ಯನ್ ಕ್ರೀಡಾಕೂಟ ನಡೆಯಿತು. ಅಥ್ಲೆಟಿಕ್ಸ್, ಬಾಕ್ಸಿಂಗ್, ಫುಟ್‌ಬಾಲ್, ಹಾಕಿ, ಶೂಟಿಂಗ್, ಈಜು, ಟೆನಿಸ್, ವೇಟ್‌ಲಿಫ್ಟಿಂಗ್ ಎಂಬ ಎಂಟು ಆಟಗಳಿದ್ದ ಆ ಕೂಟದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಜಾಗ ಸಿಗಲಿಲ್ಲ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಹೈದರಾಬಾದಿಗೆ ಬಂದದ್ದು ಬೇರೆ ರೂಪದಲ್ಲಿ, 2018ರಲ್ಲಿ, ಬ್ಯಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ, ಮೂವರ ವಿರುದ್ಧ ಮೂವರು ಆಡುವ 3x3 ವಿಶ್ವ ಟೂರ್‌ನ ಹೈದರಾಬಾದ್ ಮಾಸ್ಟರ್ಸ್ ಆಗಿ. ಐವರ ಪೂರ್ಣ ಆಟದ ಏಷ್ಯಾ ಮಟ್ಟದ ಗೌರವಗಳು ನಮ್ಮ ಕಣ್ಣೆದುರೇ ಹಂಚಿಕೆಯಾದದ್ದು ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ, 2017ರಲ್ಲಿ ಮತ್ತು 2019ರಲ್ಲಿ. ಈ ಎರಡು ನಗರಗಳ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ವಿಷಯದ ಬಹುಪಾಲು ತಿಳಿಯಾಗುತ್ತದೆ. ಅದಕ್ಕೂ ಮೊದಲು ವಿಶ್ವ ಚಾಂಪಿಯನ್‌ಶಿಪ್‌ನ ಇತಿಹಾಸವನ್ನು ನೋಡಬೇಕು.

ಪುರುಷರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆಯಿತು. ಆತಿಥೇಯ ಅರ್ಜೆಂಟೀನಾ ಗೆದ್ದಿತು, ಅದರ ಆಸ್ಕರ್ ಫರ್ಲಾಂಗ್ ಮೊದಲ ಎಂವಿಪಿ ಆದರು. ಆ ಕೂಟದಲ್ಲಿ ಅಂಕಗಳ ಸರಾಸರಿಯಲ್ಲಿ ಎಲ್ಲರಿಗಿಂತ ಮುಂದಿದ್ದವರು ಸ್ಪೇನಿನ ಆಲ್ವಾರೊ ಸಾಲ್ವಡೋರೆಸ್. ಅತಿ ಹೆಚ್ಚು ಅಂಕ ಗಳಿಸಿದವರೇ ಅತ್ಯುತ್ತಮರಾಗಬೇಕಿಲ್ಲ ಎಂಬ ತಿಳಿವಳಿಕೆ ಹೀಗೆ ಮೊದಲ ದಿನದಿಂದಲೇ ಇತ್ತು. 1950ರಿಂದ 2023ರವರೆಗೆ ನಡೆದ ಹತ್ತೊಂಬತ್ತು ವಿಶ್ವಕೂಟಗಳಲ್ಲಿ ಆರು ಸಲ ಎಂವಿಪಿ ಗೌರವ ಚಾಂಪಿಯನ್ ಅಲ್ಲದ ತಂಡದವರಿಗೆ ಸಂದಿದೆ. 1967ರಲ್ಲಿ ಸೋವಿಯತ್ ಒಕ್ಕೂಟ ಗೆದ್ದಾಗ ಯುಗೊಸ್ಲಾವಿಯಾದ ಇವೊ ದಾನೆವ್. 1970ರಲ್ಲಿ ಯುಗೊಸ್ಲಾವಿಯಾ ಗೆದ್ದಾಗ ಸೋವಿಯತ್ತಿನ ಸೆರ್ಗೇಯ್ ಬೆಲೋವ್. 1974ರಲ್ಲಿ ಸೋವಿಯತ್ ತಂಡ ಮತ್ತೆ ಗೆದ್ದಾಗ ಯುಗೊಸ್ಲಾವಿಯಾದ ದ್ರಾಗನ್ ಕಿಚಾನೊವಿಚ್. ಸತತ ಮೂರು ಕೂಟಗಳಲ್ಲಿ ಪದಕ ಒಂದು ದೇಶಕ್ಕೆ, ಹೆಸರು ಇನ್ನೊಂದು ದೇಶಕ್ಕೆ. 1982ರಲ್ಲಿ ಈ ಗೌರವ ಪನಾಮದ ರೊಲಾಂಡೊ ಫ್ರೇಜರ್ ಪಾಲಾಯಿತು. ಅವರ ತಂಡ ಪದಕದ ಸಮೀಪಕ್ಕೂ ಬಂದಿರಲಿಲ್ಲ. 1986ರಲ್ಲಿ ಅಮೆರಿಕ ಗೆದ್ದರೂ ಕಂಚು ಪಡೆದ ಯುಗೊಸ್ಲಾವಿಯಾದ ದ್ರಾಜೆನ್ ಪೆಟ್ರೊವಿಚ್ ಎಂವಿಪಿ ಆದರು. 2002ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಜರ್ಮನಿಯನ್ನು ಬಹುಮಟ್ಟಿಗೆ ಒಬ್ಬರೇ ಕಂಚಿನವರೆಗೆ ಹೊತ್ತು ತಂದ ಡರ್ಕ್ ನೊವಿಟ್ಜ್‌ಕಿ ಆರನೆಯವರು. ಅಲ್ಲಿಗೆ ಆ ಸಾಲು ನಿಲ್ಲುತ್ತದೆ. 2006ರಲ್ಲಿ ಪೌ ಗಸೋಲ್, 2010ರಲ್ಲಿ ಕೆವಿನ್ ಡ್ಯುರಾಂಟ್, 2014ರಲ್ಲಿ ಕೈರಿ ಅರ್ವಿಂಗ್, 2019ರಲ್ಲಿ ರಿಕಿ ರೂಬಿಯೊ, 2023ರಲ್ಲಿ ಡೆನಿಸ್ ಶ್ರೋಡರ್, ಐವರೂ ಚಾಂಪಿಯನ್ ತಂಡದವರೇ. ಮೊದಲ ಹದಿನಾಲ್ಕು ಕೂಟಗಳಲ್ಲಿ ಆರು, ಮುಂದಿನ ಐದರಲ್ಲಿ ಸೊನ್ನೆ. ಐದು ಚಿಕ್ಕ ಸಂಖ್ಯೆ, ಆಕಸ್ಮಿಕವೂ ಇರಬಹುದು ಎನ್ನಲು ಅವಕಾಶವಿದೆ. ಆದರೂ ದಿಕ್ಕು ಒಂದೇ ಕಡೆಗಿರುವುದನ್ನು ಅಲ್ಲಗಳೆಯಲಾಗದು.

ಈ ಬದಲಾವಣೆಗೆ ಕಾರಣ ಹುಡುಕುವಾಗ ಕೂಟದ ರಚನೆಯನ್ನು ಗಮನಿಸಬೇಕು. 1974ರವರೆಗೆ ವಿಶ್ವ ಚಾಂಪಿಯನ್ ಯಾರೆಂದು ತೀರ್ಮಾನವಾಗುತ್ತಿದ್ದುದು ಅಂತಿಮ ಗುಂಪಿನ ಲೀಗ್ ಪಂದ್ಯಗಳ ಒಟ್ಟು ಫಲಿತಾಂಶದಿಂದ. ಎಲ್ಲರೂ ಎಲ್ಲರೊಡನೆ ಆಡುತ್ತಿದ್ದರು, ಒಂದು ರಾತ್ರಿಯ ಒಂದು ಪಂದ್ಯ ಉಳಿದವನ್ನು ಮರೆಸುತ್ತಿರಲಿಲ್ಲ. ಚಿನ್ನಕ್ಕಾಗಿ ಪ್ರತ್ಯೇಕ ಫೈನಲ್ ಬಂದದ್ದು 1978ರಲ್ಲಿ, ಮನಿಲಾದಲ್ಲಿ. ಯುಗೊಸ್ಲಾವಿಯಾ ಹೆಚ್ಚುವರಿ ಅವಧಿಯಲ್ಲಿ ಸೋವಿಯತ್ ತಂಡವನ್ನು 82-81ರಿಂದ ಮಣಿಸಿತು, ಎಂವಿಪಿ ಗೌರವ ಗೆದ್ದ ತಂಡದ ದ್ರಾಜೆನ್ ದಾಲಿಪಾಗಿಚ್‌ಗೆ ಹೋಯಿತು. ಆದರೂ ಫೈನಲ್ ಒಂದೇ ಎಲ್ಲವನ್ನೂ ವಿವರಿಸುವುದಿಲ್ಲ. 1982ರ ಫೈನಲ್ 95-94ರಲ್ಲಿ, 1986ರದು 87-85ರಲ್ಲಿ ಮುಗಿದವು. ಅಷ್ಟು ರೋಚಕ ಫೈನಲ್‌ಗಳಾದ ಮೇಲೂ ಆರಿಸಿದವರು ಆ ಪಂದ್ಯದಲ್ಲಿ ಆಡಿಯೇ ಇರದ ಫ್ರೇಜರ್ ಮತ್ತು ಪೆಟ್ರೊವಿಚ್ ಕಡೆ ಕೈ ತೋರಿಸಿದ್ದರು. ಅವರ ಕಣ್ಣು ಇಡೀ ಕೂಟದ ಮೇಲಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಈಗ ಫೈನಲ್ ಮುಗಿದ ಕೆಲವೇ ನಿಮಿಷಗಳಲ್ಲಿ, ಅಂಗಣದ ನಡುವೆಯೇ, ಟಿವಿ ಕ್ಯಾಮೆರಾಗಳ ಮುಂದೆ ಈ ಟ್ರೋಫಿ ಕೈಗೆ ಬರುತ್ತದೆ. ಗೆದ್ದವರ ಸಂಭ್ರಮದ ನಡುವೆ ಸೋತ ತಂಡದವರನ್ನೋ ಎರಡು ದಿನ ಮೊದಲೇ ಊರಿಗೆ ಮರಳಿದವರನ್ನೋ ಕರೆಯುವುದು ಸಮಾರಂಭಕ್ಕೆ ಒಗ್ಗುವುದಿಲ್ಲ. ಸಮಾರಂಭದ ಅನುಕೂಲ ಆಯ್ಕೆಯ ಮೇಲೂ ನೆರಳು ಚಾಚಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಏಷ್ಯಾದ ಚಿತ್ರ ಬೇರೆ. 2017ರ ಜುಲೈನಲ್ಲಿ ಮಹಿಳೆಯರ ಏಷ್ಯಾ ಕಪ್ ಬೆಂಗಳೂರಿಗೆ ಬಂತು. ಕರ್ನಾಟಕದವರೇ ಆದ ಕೆ. ಗೋವಿಂದರಾಜ್ ಆಗ ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್‌ನ ಅಧ್ಯಕ್ಷರು. 2023ರಲ್ಲಿ ಅವರು ಫಿಬಾ ಏಷ್ಯಾದ ಅಧ್ಯಕ್ಷರೂ ಆದರು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಏಷ್ಯಾದ ಕೂಟಕ್ಕೆ ಸೇರಿದ ಮೊದಲ ವರ್ಷ ಅದು. ಫೈನಲ್‌ನಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು 74-73ರಿಂದ, ಒಂದೇ ಒಂದು ಅಂಕದಿಂದ ಸೋಲಿಸಿ ಸತತ ಮೂರನೆಯ ಬಾರಿ ಚಾಂಪಿಯನ್ ಆಯಿತು. ಎಂವಿಪಿ ಆದವರು ಆಸ್ಟ್ರೇಲಿಯಾದ ಕೆಲ್ಸಿ ಗ್ರಿಫಿನ್. ಅಮೆರಿಕದಲ್ಲಿ ಹುಟ್ಟಿ, ಆಸ್ಟ್ರೇಲಿಯಾದ ಪೌರತ್ವ ಪಡೆದು ಆ ದೇಶದ ಬಣ್ಣ ತೊಟ್ಟವರು. ಎರಡು ವರ್ಷಗಳ ನಂತರ, 2019ರ ಸೆಪ್ಟೆಂಬರ್‌ನಲ್ಲಿ, ಅದೇ ಕಂಠೀರವದಲ್ಲಿ ಜಪಾನ್ ಈ ಸಲ ಚೀನಾವನ್ನು 71-68ರಿಂದ ಮಣಿಸಿತು, ಎಂವಿಪಿ ಗೌರವ ಜಪಾನಿನ ಪುಟ್ಟ ಗಾರ್ಡ್ ನಾಕೊ ಮೊಟೊಹಾಶಿಗೆ ಸಂದಿತು. ಒಂದೇ ಅಂಗಣ, ಒಂದೇ ಚಾಂಪಿಯನ್, ಹೆಚ್ಚುಕಡಿಮೆ ಅಷ್ಟೇ ಕಿರಿದಾದ ಗೆಲುವು. ಒಮ್ಮೆ ಗೌರವ ಸೋತವರ ಕಡೆಗೆ, ಒಮ್ಮೆ ಗೆದ್ದವರ ಕಡೆಗೆ. ಪುರುಷರ ಏಷ್ಯಾ ಕಪ್‌ನಲ್ಲೂ ಇದೇ ಸ್ವಾತಂತ್ರ್ಯ ಕಾಣುತ್ತದೆ. 2017ರಲ್ಲಿ ಬೈರೂತ್‌ನಲ್ಲಿ ಆಸ್ಟ್ರೇಲಿಯಾ ಗೆದ್ದಿತು, ಎಂವಿಪಿ ಆದವರು ಇರಾನಿನ ದೈತ್ಯ ಸೆಂಟರ್ ಹಮೇದ್ ಹದ್ದಾದಿ. 2022ರಲ್ಲಿ ಜಕಾರ್ತದಲ್ಲಿ ಆಸ್ಟ್ರೇಲಿಯಾ ಲೆಬನಾನನ್ನು 75-73ರಿಂದ ದಾಟಿದಾಗ ಆ ಬಿರುದು ಲೆಬನಾನಿನ ವಾಯೆಲ್ ಅರಕ್ಜಿಗೆ ಸಿಕ್ಕಿತು. 2025ರಲ್ಲಿ ಜೆಡ್ಡಾದಲ್ಲಿ ಆಸ್ಟ್ರೇಲಿಯಾ ಚೀನಾವನ್ನು 90-89ರಿಂದ ಸೋಲಿಸಿದಾಗ ಮಾತ್ರ ಗೆದ್ದ ತಂಡದ ಜೇಲಿನ್ ಗ್ಯಾಲೊವೇ ಆಯ್ಕೆಯಾದರು. ಗೆದ್ದವರಿಗೆ ಕೊಡಬಾರದು ಎಂಬ ನಿಯಮವೇನೂ ಏಷ್ಯಾದಲ್ಲಿಲ್ಲ. ಗೆದ್ದವರಿಗೇ ಕೊಡಬೇಕು ಎಂಬ ಮೌನ ಒಪ್ಪಂದವೂ ಇಲ್ಲ, ಅಷ್ಟೆ.

ಗೆಲುವೇ ಶ್ರೇಷ್ಠತೆಯ ಪುರಾವೆಯಲ್ಲವೇ, ತಂಡವನ್ನು ಗೆಲ್ಲಿಸಲಾಗದವರು ಹೇಗೆ ಅತ್ಯಮೂಲ್ಯರಾಗುತ್ತಾರೆ ಎಂದು ಕೇಳುವವರಿದ್ದಾರೆ. ಇದು ಹಗುರವಾದ ಆಕ್ಷೇಪವಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಒಂದು ಬದಿಗೆ ಐವರೇ ಆಡುವುದರಿಂದ ಒಬ್ಬ ಅಸಾಧಾರಣ ಆಟಗಾರನ ಪ್ರಭಾವ ಫುಟ್‌ಬಾಲ್‌ನಲ್ಲಿ ಕಾಣುವುದಕ್ಕಿಂತ ಹೆಚ್ಚು. ಹಾಗಿದ್ದ ಮೇಲೆ ಆ ಪ್ರಭಾವ ಫಲಿತಾಂಶದಲ್ಲಿ ಕಾಣಿಸಿಕೊಳ್ಳಲೇಬೇಕು ಎಂಬ ತರ್ಕ ಸಹಜ. ಆದರೆ 74-73 ಎಂಬ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಆ ತರ್ಕ ಎಲ್ಲಿ ಸೋಲುತ್ತದೆಂದು ಗೊತ್ತಾಗುತ್ತದೆ. ಕೊನೆಯ ಒಂದು ಎಸೆತ ರಿಮ್ಮಿನ ಒಳಗೆ ಬಿದ್ದಿತೋ ಹೊರಗೆ ಬಿದ್ದಿತೋ ಎಂಬುದರಿಂದ ಗ್ರಿಫಿನ್ ವಾರವಿಡೀ ಆಡಿದ ಆಟದ ಗುಣ ಬದಲಾಗುವುದಿಲ್ಲ. ಅದು ಬದಲಾಯಿಸುವುದು ಪದಕದ ಬಣ್ಣವನ್ನು, ಮತ್ತು ಪದಕ ಅದಕ್ಕೆಂದೇ ಇದೆ. ಗೆದ್ದ ತಂಡದ ಕಡೆಯಿಂದಲೂ ಇದೇ ಮಾತನ್ನು ಸಾಧಿಸಬಹುದು. 2006ರ ಜಪಾನ್ ಕೂಟದಲ್ಲಿ ಸ್ಪೇನ್ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾವನ್ನು 75-74ರಿಂದ ದಾಟಿತು. ಆ ಪಂದ್ಯದ ಕೊನೆಗೆ ಪೌ ಗಸೋಲ್ ಕಾಲಿನ ಮೂಳೆ ಮುರಿಯಿತು. ಫೈನಲ್‌ನಲ್ಲಿ ಅವರು ಆಡಲೇ ಇಲ್ಲ, ಸ್ಪೇನ್ ಅವರಿಲ್ಲದೆಯೇ ಗ್ರೀಸನ್ನು 70-47ರಿಂದ ಸೋಲಿಸಿತು. ತಂಡದ ಗೆಲುವಿಗೆ ಅನಿವಾರ್ಯನಾದವನೇ ಎಂವಿಪಿ ಎಂಬ ಅಳತೆಗೋಲನ್ನು ಬಿಗಿಯಾಗಿ ಹಿಡಿದರೆ ಇಪ್ಪತ್ಮೂರು ಅಂಕಗಳ ಆ ಗೆಲುವು ಗಸೋಲ್ ಅನಿವಾರ್ಯರಲ್ಲ ಎಂದು ಹೇಳಿದಂತಾಯಿತು. ಆದರೂ ಗೌರವ ಅವರಿಗೇ ಸಂದಿತು, ಅದು ಸರಿಯಾದ ನಿರ್ಧಾರವೂ ಆಗಿತ್ತು, ಏಕೆಂದರೆ ಆರಿಸಿದವರು ಕೊನೆಯ ಪಂದ್ಯವನ್ನಷ್ಟೇ ನೋಡದೆ ಅದರ ಹಿಂದಿನ ಎಲ್ಲವನ್ನೂ ನೋಡಿದ್ದರು. ಗಸೋಲ್ ಚಾಂಪಿಯನ್ ತಂಡದಲ್ಲಿದ್ದರು ಎಂಬುದು ಅಲ್ಲಿ ಕೂಡಿಬಂದ ಸಂಗತಿ.

ಎರಡನೆಯ ಆಕ್ಷೇಪ ಅಂಕಿಅಂಶಗಳನ್ನು ನಂಬಿದವರದು. ಅಭಿಪ್ರಾಯ, ಮತದಾನ ಏಕೆ ಬೇಕು, ಲೆಕ್ಕವೇ ಹೇಳಲಿ ಎನ್ನುತ್ತಾರೆ ಅವರು. ಫಿಬಾ ಕೂಟಗಳ ಅಂಕಪಟ್ಟಿಯಲ್ಲಿ ದಕ್ಷತೆ ಎಂಬ ಒಂದು ಕಲಮು ಇರುತ್ತದೆ. ಗಳಿಸಿದ ಅಂಕ, ರೀಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಇವನ್ನೆಲ್ಲ ಕೂಡಿಸಿ, ತಪ್ಪಿದ ಎಸೆತಗಳನ್ನೂ ತಪ್ಪಿದ ಫ್ರೀ ಥ್ರೋಗಳನ್ನೂ ಟರ್ನ್‌ಓವರ್‌ಗಳನ್ನೂ ಕಳೆದರೆ ಆ ಸಂಖ್ಯೆ ಸಿಗುತ್ತದೆ. ಉಪಯುಕ್ತವಾದ ಸಂಖ್ಯೆ, ಆದರೆ ಅದಕ್ಕೆ ಎರಡು ಕುರುಡುಗಳಿವೆ. ಮೊದಲನೆಯದು, ಎದುರಾಳಿ ಯಾರೆಂದು ಅದಕ್ಕೆ ತಿಳಿಯದು. ಅಂತರರಾಷ್ಟ್ರೀಯ ಕೂಟದಲ್ಲಿ ಒಂದು ತಂಡ ಆಡುವುದು ಐದಾರು, ಹೆಚ್ಚೆಂದರೆ ಎಂಟೊಂಬತ್ತು ಪಂದ್ಯ. ಅವುಗಳಲ್ಲಿ ಒಂದೆರಡು ದುರ್ಬಲ ತಂಡಗಳ ವಿರುದ್ಧ. ಅಲ್ಲಿ ಪೇರಿಸಿದ ಅಂಕ ಸರಾಸರಿಯನ್ನು ಉಬ್ಬಿಸುತ್ತದೆ. ಎರಡನೆಯದು ಇನ್ನೂ ದೊಡ್ಡದು. ಸಹ ಆಟಗಾರನಿಗೆ ದಾರಿ ಮಾಡಿಕೊಡುವ ಸ್ಕ್ರೀನ್, ಎದುರಾಳಿ ಚೆಂಡು ಪಡೆಯದಂತೆ ಇಡೀ ಪಂದ್ಯ ಬೆನ್ನುಹತ್ತುವ ರಕ್ಷಣೆ, ಸರಿಯಾದ ಹೊತ್ತಿಗೆ ಸರಿಯಾದ ಜಾಗದಲ್ಲಿ ನಿಲ್ಲುವ ಬುದ್ಧಿ, ಇವು ಯಾವ ಕಲಮಿಗೂ ಬೀಳುವುದಿಲ್ಲ. ಇದರ ಪರಿಣಾಮ ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಬೈರೂತ್ ಕೂಟವೇ ನಿದರ್ಶನ. ಆಸ್ಟ್ರೇಲಿಯಾ ಫೈನಲ್‌ನಲ್ಲಿ ಇರಾನನ್ನು 79-56ರಿಂದ ಸದೆಬಡಿಯಿತು. ಕೂಟದ ಆಲ್ ಸ್ಟಾರ್ ಫೈವ್‌ನಲ್ಲಿದ್ದವರು ನ್ಯೂಜಿಲೆಂಡಿನ ಶೇ ಇಲಿ, ಇರಾನಿನ ಮೊಹಮ್ಮದ್ ಜಮ್ಶೀದಿ ಮತ್ತು ಹದ್ದಾದಿ, ಲೆಬನಾನಿನ ಫಾದಿ ಎಲ್ ಖತೀಬ್, ದಕ್ಷಿಣ ಕೊರಿಯಾದ ಓ ಸೆ-ಗುನ್. ಚಾಂಪಿಯನ್ ತಂಡದ ಒಬ್ಬರೂ ಇಲ್ಲ. ಹನ್ನೆರಡು ಮಂದಿ ನಿಮಿಷಗಳನ್ನೂ ಅಂಕಗಳನ್ನೂ ಹಂಚಿಕೊಂಡು ಆಡಿದರೆ ಯಾರೊಬ್ಬರ ಸರಾಸರಿಯೂ ಎದ್ದು ಕಾಣುವುದಿಲ್ಲ.

ಇದು ನಮ್ಮ ವಾದಕ್ಕೆ ವಿರುದ್ಧವಾದ ಸಾಕ್ಷ್ಯವೆಂದು ಯಾರಿಗಾದರೂ ಅನಿಸಬಹುದು. ಗೆದ್ದವರನ್ನು ಹೊರಗಿಟ್ಟು ಗೌರವಿಸುವುದು ಅನ್ಯಾಯವಾಗಲಿಲ್ಲವೇ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಆಸ್ಟ್ರೇಲಿಯಾದ ಸಮತೂಕದ ಶಕ್ತಿಯನ್ನು ಚಿನ್ನದ ಪದಕ ಪೂರ್ತಿಯಾಗಿ ಹೇಳಿತು. ಹದ್ದಾದಿ ಇಲ್ಲದ ಇರಾನ್ ಫೈನಲ್ ತಲುಪುತ್ತಿತ್ತೇ ಎಂಬ ಪ್ರಶ್ನೆಗೆ ಬೆಳ್ಳಿ ಪದಕದಲ್ಲಿ ಉತ್ತರವಿಲ್ಲ, ಎಂವಿಪಿ ಬಿರುದಿನಲ್ಲಿ ಇದೆ. ಎರಡು ಗೌರವಗಳು ಎರಡು ಸತ್ಯಗಳನ್ನು ಹೇಳಿದವು. ಅದೇ ವೇಳೆ, ಐವರ ಪಟ್ಟಿಯಲ್ಲಿ ಆಸ್ಟ್ರೇಲಿಯಾದ ರಕ್ಷಣೆಗೆ ಒಂದು ಜಾಗವೂ ಸಿಗದಿದ್ದುದು ಲೋಪವೇ, ಆ ಲೋಪದ ಬೇರು ಅಂಕ ಗಳಿಕೆಯ ಮೋಹದಲ್ಲಿದೆ. ಫಿಬಾ ಇದನ್ನು ತಡವಾಗಿಯಾದರೂ ಗುರುತಿಸಿತು. 2023ರ ವಿಶ್ವಕಪ್‌ನಲ್ಲಿ ಶ್ರೇಷ್ಠ ರಕ್ಷಣಾ ಆಟಗಾರ ಎಂಬ ಗೌರವ ಕೆನಡಾದ ಡಿಲನ್ ಬ್ರೂಕ್ಸ್‌ಗೆ, ಉದಯೋನ್ಮುಖ ತಾರೆ ಎಂಬುದು ಆಸ್ಟ್ರೇಲಿಯಾದ ಜಾಷ್ ಗಿಡ್ಡಿಗೆ, ಶ್ರೇಷ್ಠ ಕೋಚ್ ಗೌರವ ಲಾಟ್ವಿಯಾ ತಂಡವನ್ನು ತರಬೇತುಗೊಳಿಸಿದ ಲೂಕಾ ಬಾಂಕಿಗೆ ಸಂದವು. ಐವರ ಎರಡನೆಯ ತಂಡವೂ ಪ್ರಕಟವಾಯಿತು. ಹೊಸದಾಗಿ ಹುಟ್ಟಿದ ಈ ಪ್ರಶಸ್ತಿಗಳಲ್ಲಿ ಚಾಂಪಿಯನ್ ಜರ್ಮನಿಗೆ ಸಿಕ್ಕಿದ್ದು ಎರಡನೆಯ ತಂಡದಲ್ಲಿ ಫ್ರಾಂಜ್ ವಾಗ್ನರ್‌ಗೆ ಸಂದ ಸ್ಥಾನ ಮಾತ್ರ ಎಂಬುದು ಗಮನಾರ್ಹ. ಎಂವಿಪಿ ಆದ ಶ್ರೋಡರ್ ಕ್ವಾರ್ಟರ್‌ಫೈನಲ್‌ನಲ್ಲಿ ಲಾಟ್ವಿಯಾ ವಿರುದ್ಧ ಇಪ್ಪತ್ತಾರು ಎಸೆತಗಳಲ್ಲಿ ನಾಲ್ಕನ್ನಷ್ಟೇ ಬುಟ್ಟಿಗೆ ಹಾಕಿದ್ದರು. ಜರ್ಮನಿ 81-79ರಿಂದ ಉಳಿದುಕೊಂಡಿತು. ಫೈನಲ್‌ನಲ್ಲಿ ಸರ್ಬಿಯಾ ವಿರುದ್ಧ ಅವರು 28 ಅಂಕ ಗಳಿಸಿದರು. ಆ ಕ್ವಾರ್ಟರ್‌ಫೈನಲ್‌ನಲ್ಲಿ ಇನ್ನೊಂದು ಎಸೆತ ಆಚೀಚೆಯಾಗಿದ್ದರೆ ಅದೇ ಶ್ರೋಡರ್ ಹೆಸರು ಈ ಚರ್ಚೆಗೇ ಬರುತ್ತಿರಲಿಲ್ಲ. ಪಂದ್ಯವೊಂದಕ್ಕೆ ಸರಾಸರಿ 27 ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದ ಲೂಕಾ ಡೊಂಚಿಚ್ ಅವರ ಸ್ಲೊವೇನಿಯಾ ಏಳನೆಯ ಸ್ಥಾನದಲ್ಲಿ ನಿಂತಿತು.

ಮೂರನೆಯ ಆಕ್ಷೇಪ ಬುಡಕ್ಕೇ ಕೈ ಹಾಕುತ್ತದೆ. ತಂಡದ ಆಟದಲ್ಲಿ ವ್ಯಕ್ತಿಯನ್ನು ಬೇರ್ಪಡಿಸಿ ಮೆರೆಸುವುದೇ ತಪ್ಪು, ಅದರಿಂದ ಸ್ವಾರ್ಥದ ಆಟ ಬೆಳೆಯುತ್ತದೆ ಎನ್ನುವ ಕೋಚ್‌ಗಳು ಇದ್ದಾರೆ. ಶಾಲಾ ಮಟ್ಟದಲ್ಲಿ ಈ ಎಚ್ಚರ ನಿಜಕ್ಕೂ ಬೇಕು. ಆದರೆ ಅಂತರರಾಷ್ಟ್ರೀಯ ಆಟಗಾರರ ಬದುಕನ್ನು ನೋಡಿದರೆ ಈ ಮಾತು ಸಾಲದು. ಪದಕ ಗೆಲ್ಲುವ ದೇಶಗಳು ಕೈಬೆರಳೆಣಿಕೆಯಷ್ಟು. ಉಳಿದ ದೇಶಗಳಲ್ಲಿ ಹುಟ್ಟಿದ ಪ್ರತಿಭಾವಂತರು ತಮ್ಮ ಹುಟ್ಟಿನ ಕಾರಣಕ್ಕೇ ದಾಖಲೆಯಿಂದ ಮರೆಯಾಗಬೇಕೇ? ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಂದೇ ಸಲ, 1980ರಲ್ಲಿ ಮಾಸ್ಕೋದಲ್ಲಿ, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ. ಆ ತಂಡದ ಆಧಾರವಾಗಿದ್ದ ಅಜ್ಮೇರ್ ಸಿಂಗ್ ಅವರ ಆಟವನ್ನು ಪದಕಪಟ್ಟಿ ಹೇಳಲು ಸಾಧ್ಯವೇ ಇಲ್ಲ. ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್‌ನಲ್ಲಿ ಆಡಿದರು, 2011ರಲ್ಲಿ ಅಮೆರಿಕದ ವೃತ್ತಿಪರ ಮಹಿಳಾ ಲೀಗ್‌ನ ತಂಡಗಳು ಅವರನ್ನು ಪರೀಕ್ಷೆಗೆ ಕರೆದವು. ಭಾರತ ಏಷ್ಯಾದ ಕೆಳಸಾಲಿನಲ್ಲಿದ್ದ ಕಾಲದಲ್ಲೇ ಅವರ ಎತ್ತರದ ಆಟ ಹೊರಗಿನವರ ಕಣ್ಣಿಗೆ ಬಿತ್ತು. ಬಲಹೀನ ತಂಡದ ಬಲಶಾಲಿ ಆಟಗಾರ್ತಿಗೆ ಕೂಟದ ಗೌರವವೇ ಗುರುತಿನ ಚೀಟಿ. ಮುಂದಿನ ಕ್ಲಬ್, ಮುಂದಿನ ಒಪ್ಪಂದ, ಸರ್ಕಾರಿ ನೌಕರಿ ಎಲ್ಲಕ್ಕೂ ಅದರಿಂದ ದಾರಿ ತೆರೆಯುತ್ತದೆ. ಸ್ವಾರ್ಥ ಬೆಳೆಯುವುದು ಗೌರವ ಇರುವುದರಿಂದ ಅಲ್ಲ, ಅಂಕವನ್ನಷ್ಟೇ ಎಣಿಸಿ ಕೊಡುವುದರಿಂದ.

ಹೈದರಾಬಾದ್ ಕಂಡ 3x3 ಆಟ ಈ ಪ್ರಶ್ನೆಗೆ ಇನ್ನೊಂದು ಬಗೆಯ ಉತ್ತರವನ್ನು ಪ್ರಯತ್ನಿಸಿದೆ. ಅರ್ಧ ಅಂಗಣ, ಒಂದೇ ಬುಟ್ಟಿ, ತಂಡಕ್ಕೆ ನಾಲ್ವರು, ಅವರಲ್ಲಿ ಒಬ್ಬರು ಬದಲಿ. ಹತ್ತು ನಿಮಿಷ ಮುಗಿಯುವುದೋ ಒಂದು ತಂಡ 21 ಅಂಕ ತಲುಪುವುದೋ, ಯಾವುದು ಮೊದಲಾದರೆ ಅಲ್ಲಿಗೆ ಆಟ ಮುಗಿಯಿತು. ಇಲ್ಲಿ ಫಿಬಾ ಪ್ರತಿಯೊಬ್ಬ ಆಟಗಾರನ ಹೆಸರಿನಲ್ಲಿ ರ‍್ಯಾಂಕಿಂಗ್ ಇಡುತ್ತದೆ. ತಂಡ ತಲುಪಿದ ಸ್ಥಾನಕ್ಕೆ ತಕ್ಕಂತೆ ಅದರ ಆಟಗಾರರ ಖಾತೆಗೆ ಅಂಕ ಜಮೆಯಾಗುತ್ತದೆ, ಆಟಗಾರರ ಅಂಕಗಳನ್ನು ಕೂಡಿಸಿ ತಂಡದ ಶ್ರೇಯಾಂಕ ನಿಗದಿಯಾಗುತ್ತದೆ. ಸರ್ಬಿಯಾದ ದುಶಾನ್ ಡೊಮೊವಿಚ್ ಬುಲುತ್ ಅವರಂಥವರು ಜಗತ್ತಿನ ಮೊದಲ ಸ್ಥಾನದ ಆಟಗಾರರೆಂದು ಹೆಸರಾದದ್ದು ಹೀಗೆ. ನೋಡಲು ಇದು ವ್ಯಕ್ತಿಗೆ ಕೊಟ್ಟ ಮನ್ನಣೆಯಂತಿದ್ದರೂ ಒಳಗಿರುವುದು ತಂಡದ ಫಲಿತಾಂಶವೇ. ಅದಕ್ಕೇ ವಿಶ್ವ ಟೂರ್‌ನ ಪ್ರತಿ ಮಾಸ್ಟರ್ಸ್ ಕೂಟದಲ್ಲೂ ರ‍್ಯಾಂಕಿಂಗ್ ಜೊತೆಗೆ ಒಬ್ಬ ಎಂವಿಪಿಯನ್ನು ಬೇರೆಯಾಗಿ ಆರಿಸುತ್ತಾರೆ. ಲೆಕ್ಕದ ಯಂತ್ರ ಎಷ್ಟೇ ನಿಖರವಾದರೂ ನೋಡುವ ಕಣ್ಣಿನ ಕೆಲಸ ಉಳಿದೇ ಇರುತ್ತದೆ ಎಂದು ಆ ವ್ಯವಸ್ಥೆಯೇ ಒಪ್ಪಿಕೊಂಡಂತಾಯಿತು. ನಾಲ್ವರು ಆಟಗಾರರು ಸಿಕ್ಕರೆ ತಂಡ ಕಟ್ಟಬಹುದಾದ ಈ ಆಟ ದೊಡ್ಡ ಒಳಾಂಗಣಗಳಿಲ್ಲದ ಊರುಗಳಿಗೂ ಎಟಕುವಂಥದು. ರಾಯಚೂರಿನ ಹುಡುಗಿಯೊಬ್ಬಳ ಹೆಸರು ಜಾಗತಿಕ ಪಟ್ಟಿಯಲ್ಲಿ, ಎಷ್ಟೇ ಕೆಳಗಾದರೂ, ಕಾಣಿಸಿಕೊಳ್ಳಲು ಇದು ಹತ್ತಿರದ ದಾರಿ.

ಇನ್ನು ನಮ್ಮ ದೇಶ ತನ್ನ ಆಟಗಾರರನ್ನು ಹೇಗೆ ಗೌರವಿಸಿದೆ ಎಂಬುದು. ಅರ್ಜುನ ಪ್ರಶಸ್ತಿ 1961ರಲ್ಲಿ ಆರಂಭವಾಯಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ 1967ರಲ್ಲಿ ಅದು ಸಂದದ್ದು ಏಷ್ಯಾದ ಅಂಗಣಗಳಲ್ಲಿ ತಮ್ಮ ಎಸೆತಕ್ಕೆ ಹೆಸರಾಗಿದ್ದ ಖುಷಿರಾಮ್ ಅವರಿಗೆ. ಬಳಿಕ ಗುರ್‌ದಿಯಾಲ್ ಸಿಂಗ್, ಹರಿದತ್, ಮುಂಬಯಿಯ ನಾಗಪಾಡಾದಿಂದ ಬಂದ ಗುಲಾಮ್ ಅಬ್ಬಾಸ್ ಮುಂತಸಿರ್, ಮನಮೋಹನ್ ಸಿಂಗ್, ಹೀಗೆ 1971ರವರೆಗೆ ವರ್ಷಕ್ಕೊಬ್ಬರು. ಮಹಿಳೆಯರಲ್ಲಿ ಮೊದಲಿಗರು ಸುಮನ್ ಶರ್ಮಾ, 1983ರಲ್ಲಿ. ಮುಂದೆ ಅಂತರ ಹಿಗ್ಗುತ್ತ ಹೋಯಿತು. ಗೀತು ಅನ್ನಾ ಜೋಸ್‌ಗೆ 2014ರಲ್ಲಿ, ಪ್ರಶಾಂತಿ ಸಿಂಗ್‌ಗೆ 2017ರಲ್ಲಿ, ವಿಶೇಷ್ ಭೃಗುವಂಶಿಗೆ 2020ರಲ್ಲಿ ಅದು ಸಂದಿತು. ಪ್ರಶಾಂತಿ 2019ರಲ್ಲಿ ಪದ್ಮಶ್ರೀಯನ್ನೂ ಪಡೆದರು. ಅಂತರ ಹಿಗ್ಗಿದ್ದಕ್ಕೆ ಮುಖ್ಯ ಕಾರಣ ಆಯ್ಕೆಯ ಕ್ರಮ. ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಗೆದ್ದ ಪದಕಗಳಿಗೆ ಹೆಚ್ಚು ತೂಕ ಕೊಡುವ ಪದ್ಧತಿಯಲ್ಲಿ ಪದಕ ಬಾರದ ತಂಡದ ಆಟದವರು ಹಿಂದೆ ಬೀಳುವುದು ನಿಶ್ಚಿತ. ಶೂಟಿಂಗ್, ಕುಸ್ತಿ, ಬ್ಯಾಡ್ಮಿಂಟನ್‌ಗಳಲ್ಲಿ ವ್ಯಕ್ತಿಯ ಸಾಧನೆಯೂ ಪದಕವೂ ಒಂದೇ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಾಗಲ್ಲ. ಏಷ್ಯಾ ಕಪ್‌ನ ಆಲ್ ಸ್ಟಾರ್ ಫೈವ್‌ನಲ್ಲಿ ಸಿಗುವ ಸ್ಥಾನಕ್ಕೋ ಎಂವಿಪಿ ಬಿರುದಿಗೋ ಆ ಲೆಕ್ಕದಲ್ಲಿ ಸರಿಯಾದ ತೂಕ ಸಿಗಬೇಕು. ಪದಕವಿಲ್ಲದವರಿಗೆ ರಿಯಾಯಿತಿ ಬೇಡುವ ಮಾತಲ್ಲ ಇದು. ಅತ್ಯುತ್ತಮ ಎದುರಾಳಿಗಳ ನಡುವೆ ಒಬ್ಬ ವ್ಯಕ್ತಿ ಸಂಪಾದಿಸಿದ ಸ್ಥಾನವನ್ನು ಅದರ ನಿಜವಾದ ಬೆಲೆಗೆ ತೆಗೆದುಕೊಳ್ಳಿ ಎಂಬ ಮಾತು.

ಇದೇ ಲೋಪ ಫಿಬಾದ ಮಟ್ಟದಲ್ಲೂ ಇದೆ, ಅದು ಬೆಂಗಳೂರಿನಲ್ಲೇ ಕಂಡಿತು. 2017ರ ಅದೇ ವಾರ, ಅದೇ ಊರಿನಲ್ಲಿ, ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ಮಹಿಳೆಯರು ಕಜಾಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿದರು. ಭಾರತೀಯ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಗೆಲುವುಗಳಲ್ಲಿ ಅದೂ ಒಂದು. ಗ್ರಿಫಿನ್ ಮತ್ತು ಅವರೊಂದಿಗೆ ಹೆಸರಾದವರು ಎ ವಿಭಾಗದವರು. ಬಿ ವಿಭಾಗದಲ್ಲಿ ಎರಡೇ ಅಂಕಗಳಿಂದ ಗೆದ್ದ ಪಂದ್ಯದ ಹಿಂದೆ ಯಾರ ರಕ್ಷಣೆ, ಯಾರ ಕೊನೆಯ ರೀಬೌಂಡ್ ಇತ್ತೆಂಬುದು ಅಂಕಪಟ್ಟಿಯ ಕಲಮುಗಳಲ್ಲೇ ಉಳಿಯಿತು. 2019ರಲ್ಲಿ ಎ ವಿಭಾಗದಲ್ಲಿ ಆಡಿದ ಭಾರತ ಎಂಟು ತಂಡಗಳಲ್ಲಿ ಎಂಟನೆಯದಾಯಿತು. ಆ ಎತ್ತರದಲ್ಲಿ ನಮ್ಮವರಲ್ಲಿ ಒಬ್ಬರು ಐವರ ಪಟ್ಟಿಗೆ ಸೇರುವುದು ಸದ್ಯಕ್ಕೆ ಕಷ್ಟ. ಬಿ ವಿಭಾಗದಲ್ಲೂ ಒಬ್ಬ ಎಂವಿಪಿ, ಒಬ್ಬ ಶ್ರೇಷ್ಠ ರಕ್ಷಣಾ ಆಟಗಾರ್ತಿಯನ್ನು ಎ ವಿಭಾಗದಷ್ಟೇ ಗಂಭೀರವಾಗಿ ಆರಿಸಿ, ಫೈನಲ್‌ನ ಗದ್ದಲ ತಣಿದ ಮರುದಿನ ಹೆಸರು ಪ್ರಕಟಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ. ಪ್ರತಿ ಪಂದ್ಯದ ಅಂಕಪಟ್ಟಿ ಈಗಾಗಲೇ ಫಿಬಾ ಬಳಿ ಇದೆ, ಪಂದ್ಯ ನೋಡಿದ ಕೋಚ್‌ಗಳೂ ಪತ್ರಕರ್ತರೂ ಅದೇ ಊರಿನಲ್ಲಿರುತ್ತಾರೆ. ಬೇಕಿರುವುದು ಅವರಿಂದ ಮತ ಕೇಳುವ ಒಂದು ಕಾಗದ.